ಅಂಗಿ ಮಾಮ

ಜುಲೈ 4, ಗುರುವಾರ. ಬೆಳಗ್ಗೆ 6:10

ಅನ್ನ ಆಗಲು ಇನ್ನೂ ಒಂಬತ್ತು ನಿಮಿಷ. ಹ್ಯಾಂಗರ್ ಮತ್ತೊಂದು ಮಾಯ. ಈ ವಾರದಲ್ಲಿ ಮೂರನೆಯದು. ಕಾಗೆಗಳ ಕೆಲಸ. ಎದುರಿನ ಕಂಬದ ಮೇಲೆ ತಂತಿ ಹ್ಯಾಂಗರುಗಳದ್ದೇ ಗೂಡು ಕಟ್ಟಿಕೊಂಡಿವೆ. ಅದರಲ್ಲಿ ನನ್ನವೇ ನಾಲ್ಕಾದರೂ ಇರಬೇಕು. ಬಾಡಿಗೆ ಕೇಳಬಹುದು.

ಸುಜುವಿನ ಶಿಶುವಿಹಾರದಲ್ಲಿ ಇವತ್ತು ಈಜು. ಜ್ವರ ನೋಡಿ ಚೀಟಿಯಲ್ಲಿ ಬರೆದೆ, 36.5. ಸಹಿಯ ಬದಲಿಗೆ ಹೆಸರಿನ ಮುದ್ರೆ ಒತ್ತಿದೆ. ಒತ್ತಿದ ಮೇಲೆ ನೋಡಿದರೆ ಹಳೆಯ ಹೆಸರಿನದು. ಗೀಟು ಎಳೆದು ಪಕ್ಕದಲ್ಲಿ ತವರಿನ ಹೆಸರಿನದು ಒತ್ತಿದೆ. ಹನ್ನೊಂದು ವರ್ಷದ ಮೇಲೆ ಮತ್ತೆ ಮಿನೊವಾ ಚಿಗುಸಾ. ವಿಚ್ಛೇದನವಾಗಿ ಏಳು ವಾರ, ಕೈ ಇನ್ನೂ ತಪ್ಪುತ್ತಿದೆ. ಹಳೆಯ ಮುದ್ರೆ ಎಸೆಯಬೇಕು. ಯಾವ ದಿನದ ಕಸಕ್ಕೆ ಹಾಕಬೇಕೋ ಗೊತ್ತಿಲ್ಲ.

ದಿನ, ಗಂಟೆ ಹಾಕಿ ಬರೆದಿಡಿ ಎಂದಿದ್ದರು ಉಚಿತ ಸಲಹೆಯ ವಕೀಲೆ. “ನಿಮ್ಮ ಹಿಂದಿನ ಗಂಡ ಏನೂ ಮಾಡ್ದೆ ಇದ್ರೆ, ಏನೂ ಮಾಡ್ಲಿಲ್ಲ ಅಂತ ಬರೀರಿ.” ಸರಿ. ಕುನಿಹಾರು ಏನೂ ಮಾಡಿಲ್ಲ. ಫೋನಿಲ್ಲ, ಕಾಗದವಿಲ್ಲ. ಅವನಿಗೆ ಈ ಮನೆ ಗೊತ್ತಿಲ್ಲ. ಯಾರೂ ಓದದ ಪುಸ್ತಕಕ್ಕೆ ಗಂಟೆ ಬೇರೆ.

ಜುಲೈ 8, ಸೋಮವಾರ. ಮಧ್ಯಾಹ್ನ, ಅಂಗಡಿಯ ಹಿಂದೆ

ವಕೀಲೆಯ ಫೋನು. ವಿಳಾಸ ಮುಚ್ಚಿಡಲು ಅರ್ಜಿ ಹಾಕಿದಿರಾ ಎಂದರು. ಇಲ್ಲ. ಅದಕ್ಕೆ ಮೊದಲು ಪೊಲೀಸರ ಹತ್ತಿರ ಹೋಗಿ ಹೇಳಿಕೊಂಡ ದಾಖಲೆ ಬೇಕು.

“ತಂದೆ ಅನ್ನೋ ಹಕ್ಕಲ್ಲಿ ಮಗುವಿನ ದಾಖಲೆ ತೆಗಿಸಿದ್ರೆ ವಿಳಾಸ ಸಿಕ್ಕಿಬಿಡುತ್ತೆ ಮಿನೊವಾ ಅವ್ರೆ. ತಡ ಮಾಡ್ಬೇಡಿ.”

ತಡ ಮಾಡುವುದಿಲ್ಲ ಎಂದೆ. ಆದರೆ ಪೊಲೀಸರಿಗೆ ಹೇಳುವುದೇನು? ಕೈ ಎತ್ತಿದವನಲ್ಲ. ಕೂಗಿದವನೂ ಅಲ್ಲ. ದೊಡ್ಡ ಮಳಿಗೆಯಲ್ಲಿ ಗಂಡಸರ ಅಂಗಿಯ ವಿಭಾಗ ನೋಡಿಕೊಳ್ಳುತ್ತಿದ್ದ. ಮನೆಯಲ್ಲೂ ಅಂಗಿಯನ್ನು ರಟ್ಟು ಇಟ್ಟೇ ಮಡಿಸಬೇಕು. ಒಂದನೆಯ, ಮೂರನೆಯ, ಐದನೆಯ ಗುಂಡಿ ಮಾತ್ರ ಹಾಕಬೇಕು, ಉಳಿದವು ಬಿಚ್ಚಿರಬೇಕು. ಒಂದು ತಪ್ಪಿದರೆ ಹನ್ನೆರಡೂ ಅಂಗಿ ಬಿಚ್ಚಿ ಹಾಕುತ್ತಿದ್ದ. “ಮತ್ತೆ,” ಅಷ್ಟೇ ಹೇಳುತ್ತಿದ್ದ, ಮೆಲ್ಲಗೆ. ಪಕ್ಕದಲ್ಲಿ ಕುಳಿತು ನೋಡುತ್ತಿದ್ದ. ಕೊನೆಗೆ ಸುಜುವಿನ ಕೈಗೂ ಒಂದು ಪುಟ್ಟ ರಟ್ಟು ಕೊಟ್ಟ. ಆ ದಿನ ಹೊರಟೆ.

ಅಂಗಿ ಮಡಿಸಲು ಹೇಳುತ್ತಿದ್ದ ಎಂದು ದೂರು ಕೊಟ್ಟರೆ ಪೊಲೀಸರು ಟೀ ಕೊಟ್ಟು ಕಳಿಸುತ್ತಾರೆ. ಆಮೇಲೆ ನೋಡೋಣ.

ಜುಲೈ 11, ಗುರುವಾರ. ಸಂಜೆ

ಭತ್ಯೆ ಬಂತು! ಒಂಟಿ ಪೋಷಕರ ಭತ್ಯೆ, ಮೊದಲ ಕಂತು. ಇನ್ನು ಮೇಲೆ ಎರಡು ತಿಂಗಳಿಗೊಮ್ಮೆ, ಹನ್ನೊಂದಕ್ಕೆ. ತಿಂಗಳ ಲೆಕ್ಕ ಹಾಕಿದರೆ ನಲವತ್ತೈದು ಸಾವಿರದ ಐನೂರು ಯೆನ್. ಬಾಡಿಗೆ ನಲವತ್ತೈದು ಸಾವಿರ. ಐನೂರು ಲಾಭ. ಸುಜುವಿಗೊಂದು, ನನಗೊಂದು ಪುಡಿಂಗ್.

ಡ್ರೈಕ್ಲೀನಿಂಗ್ ಅಂಗಡಿಯ ಸಂಬಳ ಊಟಕ್ಕೆ, ಕರೆಂಟಿಗೆ, ಸುಜುವಿನ ಬೂಟಿಗೆ ಹೇಗೋ ಸಾಕು. ಮನೆ ನಿಂತಿರುವುದು ಮಾತ್ರ ಭತ್ಯೆಯ ಮೇಲೆ. ಅದು ನಿಂತರೆ ಅಮ್ಮನ ಮನೆಗೆ ಹೋಗಬೇಕು. ಅಮ್ಮನ ಮನೆಯ ದಾರಿ ಕುನಿಹಾರುಗೆ ಕಣ್ಣು ಕಟ್ಟಿದರೂ ಗೊತ್ತು. ಮೇ ತಿಂಗಳಿಂದ ಎರಡು ಸಲ ಹೋಗಿ, ಅಮ್ಮನ ಎದುರು ಮಂಡಿಯೂರಿ ಕುಳಿತು, ಟೀ ಕುಡಿದು ಬಂದಿದ್ದಾನಂತೆ. ಹಾಗಾಗಿ ಈ ಮನೆ ಬಿಡುವ ಹಾಗಿಲ್ಲ.

ಜುಲೈ 16, ಮಂಗಳವಾರ. ಬೆಳಗ್ಗೆ 7:00

ಸುಜುವಿನ ಮಲಗುವ ಅಂಗಿ ಇಲ್ಲ. ತಿಮಿಂಗಿಲದ ಚಿತ್ರದ್ದು, ನೀಲಿ. ನಿನ್ನೆ ಸಂಜೆ ಒಣಹಾಕಿದ್ದೆ. ಕೆಳಗೆ ಬಿದ್ದಿದೆಯೇ ಎಂದು ಇಳಿದು ಹುಡುಕಿದೆ. ಇಲ್ಲ.

ಕಾಗೆ ಹ್ಯಾಂಗರ್ ಕದಿಯುತ್ತದೆ, ಒಪ್ಪಿದೆ. ಅಂಗಿಗೆ ಎರಡು ಕ್ಲಿಪ್ ಹಾಕಿದ್ದೆ. ಎರಡೂ ಹಗ್ಗದ ಮೇಲೆ ಪಕ್ಕಪಕ್ಕ ಕಚ್ಚಿಕೊಂಡಿವೆ. ಕ್ಲಿಪ್ ಬಿಚ್ಚಿ ಮತ್ತೆ ಜೋಡಿಸಿಡುವ ಕಾಗೆ ಇಲ್ಲ. ಹೊರಗಿನ ಕಬ್ಬಿಣದ ಮೆಟ್ಟಿಲಿನ ತುದಿಯಿಂದ ಕೈ ಚಾಚಿದರೆ ನಮ್ಮ ವೆರಾಂಡ ಸಿಗುತ್ತದೆ. ಕಾಲು ಉದ್ದವಿದ್ದವನು ದಾಟಿಯೂ ಬರಬಹುದು. ಮನೆ ಹಿಡಿಯುವಾಗ ಇದನ್ನು ನೋಡಿರಲಿಲ್ಲ. ಅಗ್ಗ ಎಂದಷ್ಟೇ ನೋಡಿದ್ದೆ.

ನನ್ನ ಬಟ್ಟೆ ಮುಟ್ಟಿಲ್ಲ. ಮಗುವಿನದು ಮಾತ್ರ.

ಜುಲೈ 17, ಬುಧವಾರ. ಸಂಜೆ

ಅಂಗಡಿಯ ಯಜಮಾನಿ ಹೊಸಾಕಾ ಅಕ್ಕನಿಗೆ ಹೇಳಿದೆ. ಇಸ್ತ್ರಿ ಕೆಳಗಿಡದೆ ಕೇಳಿದರು.

“ವೆರಾಂಡದಲ್ಲಿ ಗಂಡಸಿನ ಬಟ್ಟೆ ಹಾಕಿದೀಯಾ?”

“ಯಾವ ಗಂಡಸಿಂದು ಅಕ್ಕ?”

“ಯಾವಂದಾದ್ರೂ. ಹೆಂಗಸ್ರೇ ಇರೋ ಮನೆ ಅಂತ ತಿಳಿದ್ರೆ ಮುಗೀತು. ನಮ್ಮಕ್ಕ ಇಪ್ಪತ್ತು ವರ್ಷ ಅಪ್ಪನ ಒಳಚಡ್ಡಿ ಒಣಹಾಕಿದ್ಲು. ಅಪ್ಪ ಸತ್ತು ಹದಿನೈದು ವರ್ಷ ಆಗಿತ್ತು.”

ಹಿಂದಿನ ಕೋಣೆಗೆ ಹೋಗಿ, ವರ್ಷ ದಾಟಿದರೂ ಯಾರೂ ಒಯ್ಯದ ಬಟ್ಟೆಗಳಲ್ಲಿ ಒಂದು ಅಂಗಿ ಹುಡುಕಿ ತಂದರು. ಬಿಳಿ, ತೆಳು ನೀಲಿ ಗೀಟು, ಕುಸ್ತಿಪಟುವಿನ ಭುಜ. ತಳದಲ್ಲಿ ನಮ್ಮ ಅಂಗಡಿಯ, ನೀರಿಗೆ ಹಾಳಾಗದ ಗುಲಾಬಿ ಚೀಟಿ ಇನ್ನೂ ಪಿನ್ನಿನಲ್ಲಿದೆ.

“ತಗೋ. ಊಟ ಹಾಕ್ಬೇಕಿಲ್ಲ, ಕುಡಿದು ಬರಲ್ಲ, ಮಾತಾಡಲ್ಲ. ಇಂಥ ಗಂಡ ನಂಗೂ ಸಿಗ್ಲಿಲ್ಲ.”

ಬಹಳ ದಿನಗಳ ಮೇಲೆ ನಕ್ಕೆ. ಸೆಕೆಂಡ್‌ಹ್ಯಾಂಡ್ ಅಂಗಡಿಯಲ್ಲಿ ಮುನ್ನೂರು ಯೆನ್ನಿಗೆ ದೊಡ್ಡ ಬೂಟು ತಂದೆ. ಬಾಗಿಲ ಬಳಿ, ತುದಿ ಹೊರಗೆ ಮಾಡಿ ಇಟ್ಟೆ.

ಜುಲೈ 30, ಮಂಗಳವಾರ

ಹದಿಮೂರು ದಿನ, ಏನೂ ಕಳೆದಿಲ್ಲ. ಎರಡು ದಿನಕ್ಕೊಮ್ಮೆ ಅಂಗಿ ನೆನೆಸಿ ಹಾಕುತ್ತೇನೆ. ಸುಜು ಅದಕ್ಕೆ ಅಂಗಿ ಮಾಮ ಎಂದು ಹೆಸರಿಟ್ಟಿದ್ದಾಳೆ. ಹೊರಡುವಾಗ ತಲೆ ಬಾಗಿಸಿ, “ಅಂಗಿ ಮಾಮ, ಹೋಗ್ಬರ್ತೀವಿ. ಮನೆ ನೋಡ್ಕೊಳ್ಳಿ.” ಗಾಳಿಗೆ ತೋಳು ಅಲ್ಲಾಡಿದರೆ ಉತ್ತರ ಬಂತೆಂದು ಖುಷಿ. ಐದು ವರ್ಷದವಳಿಗೆ ಅಷ್ಟು ಸಾಕು. ಮೂವತ್ತನಾಲ್ಕರವಳಿಗೂ ಸಾಕು ಎನಿಸುತ್ತಿದೆ.

ಪೊಲೀಸರ ಹತ್ತಿರ ಹೋಗಿಲ್ಲ. ಅಂಗಿ ಕೆಲಸ ಮಾಡುತ್ತಿದೆಯಲ್ಲ.

ಆಗಸ್ಟ್ 7, ಬುಧವಾರ. ಮಧ್ಯಾಹ್ನ 1:20

ಅರ್ಧ ದಿನ ರಜೆ, ನಗರ ಕಚೇರಿ. ಭತ್ಯೆ ತೆಗೆದುಕೊಳ್ಳುವವರೆಲ್ಲ ಆಗಸ್ಟಿನಲ್ಲಿ ಖುದ್ದಾಗಿ ಹೋಗಿ ಸದ್ಯದ ಸ್ಥಿತಿ ಬರೆದುಕೊಡಬೇಕು. ಸಾಲಿನಲ್ಲಿ ಹತ್ತೊಂಬತ್ತು ಹೆಂಗಸರು, ಇಬ್ಬರು ಗಂಡಸರು. ಯಾರೂ ಯಾರ ಮುಖವನ್ನೂ ನೋಡುವುದಿಲ್ಲ.

ಕೌಂಟರಿನಲ್ಲಿ ಉಸುಯಿ ಎಂಬವನು. ಹುಡುಗು ಮುಖ, ಮಾತಿಗೊಮ್ಮೆ ಕ್ಷಮಿಸಿ. ಪೆನ್ನನ್ನು ಕ್ಲಿಕ್ ಕ್ಲಿಕ್ ಮಾಡುತ್ತಲೇ ಇರುತ್ತಾನೆ.

“ಕ್ಷಮಿಸಿ, ಎಲ್ರಿಗೂ ಕೇಳೋ ಪ್ರಶ್ನೆ. ಸಂಬಂಧ ಇರೋ ಗಂಡಸರು ಯಾರಾದ್ರೂ...?”

“ಇಲ್ಲ.”

“ಮನೆಗೆ ಬಂದು ಹೋಗೋರು?”

“ಗ್ಯಾಸ್ ಮೀಟರ್ ನೋಡೋರು.”

ಅದನ್ನೂ ಬರೆದುಕೊಂಡ. ಮದುವೆಯಾಗದಿದ್ದರೂ ಗಂಡಸಿನ ಜೊತೆ ಸಂಸಾರ ಮಾಡುತ್ತಿದ್ದರೆ ಭತ್ಯೆ ಇಲ್ಲ, ತೆಗೆದುಕೊಂಡದ್ದನ್ನೂ ಹಿಂದಿರುಗಿಸಬೇಕು. ಕೆಂಪಕ್ಷರದಲ್ಲಿದೆ. ಮುದ್ರೆ ಒತ್ತಿದೆ. ಈ ಸಲ ಸರಿಯಾದದ್ದೇ.

ಆಗಸ್ಟ್ 22, ಗುರುವಾರ. ಸಂಜೆ 5:40

ಕ್ರಮವಾಗಿ ಬರೆಯಬೇಕು.

ಉಸುಯಿ ಕರೆಸಿದ. ಈ ಸಲ ಕೌಂಟರಲ್ಲ, ಬಾಗಿಲಿರುವ ಪುಟ್ಟ ಕೋಣೆ.

“ಕ್ಷಮಿಸಿ, ಕಚೇರಿಗೊಂದು ಫೋನ್ ಬಂದಿದೆ. ನಿಮ್ಮ ಮನೇಲಿ ಗಂಡಸೊಬ್ರು ಇದಾರೆ ಅಂತ. ವೆರಾಂಡದಲ್ಲಿ ಅವ್ರ ಅಂಗಿ, ಬಾಗಿಲಲ್ಲಿ ಬೂಟು...”

ನಗು ಬಂತು. ಅಂಗಿ ಮಾಮನ ಕತೆ ಪೂರ್ತಿ ಹೇಳಿದೆ. ಅವನೂ ನಗುತ್ತಾನೆಂದುಕೊಂಡಿದ್ದೆ. ಪೆನ್ನು ಕ್ಲಿಕ್ ಕ್ಲಿಕ್.

“ಗೊತ್ತು. ನನ್ನ ತಂಗೀನೂ ಹಾಗೇ ಮಾಡ್ತಾಳೆ. ಆದ್ರೆ ನಿಜವಾಗ್ಲೂ ಗಂಡಸು ಇರೋ ಮನೆಯೋರೂ ಇದನ್ನೇ ಹೇಳ್ತಾರೆ. ಶಿಶುವಿಹಾರದಲ್ಲಿ ವಿಚಾರಿಸಿದ್ವಿ. ಮನೇಲಿ ಮಾಮ ಇದಾರೆ, ದಿನಾ ಮನೆ ಕಾಯ್ತಾರೆ ಅಂತ ನಿಮ್ಮ ಮಗು ಹೇಳಿದೆ.”

ಮಗು ಸುಳ್ಳು ಹೇಳಿಲ್ಲ.

ತನಿಖೆ ಮುಗಿಯುವವರೆಗೆ ಭತ್ಯೆಗೆ ತಡೆ. ಕರೆಂಟು, ನೀರಿನ ರಸೀದಿ ಬೇಕು. ನೆರೆಹೊರೆ ನೋಡಿಕೊಳ್ಳಲು ಕಚೇರಿ ನೇಮಿಸಿದ ಬೀದಿಯ ಕಲ್ಯಾಣ ಸದಸ್ಯರ ಜೊತೆ ಮನೆಗೇ ಬಂದು ನೋಡುತ್ತಾರೆ. ಮುಂದಿನ ಕಂತು ಸೆಪ್ಟೆಂಬರ್ ಹನ್ನೊಂದಕ್ಕೆ ಬರಬೇಕಿತ್ತು, ಅದು ಬರುವುದಿಲ್ಲ.

ಫೋನ್ ಮಾಡಿದವರು ಯಾರು ಎಂದೆ. ಹೇಳುವ ಹಾಗಿಲ್ಲ, ನಿಯಮ ಎಂದ. ಹೇಳಬೇಕಾಗಿಲ್ಲ, ನನಗೆ ಗೊತ್ತು. ಬೀದಿಯ ಕಲ್ಯಾಣ ಸದಸ್ಯೆ ಇರುವುದು ನಮ್ಮ ಕೆಳಗಿನ ಮನೆಯಲ್ಲೇ. ತೊಕುರಾ ಅಜ್ಜಿ. ಎಪ್ಪತ್ತೆರಡು ವಯಸ್ಸು, ಎರಡೂ ಮಂಡಿ ಕೆಟ್ಟಿವೆ, ಕಣ್ಣು ಮಾತ್ರ ಹದ್ದಿನದು. ಯಾರ ಕಸದ ಚೀಲದಲ್ಲಿ ಏನಿದೆ ಎಂದು ಹೊರಗಿನಿಂದಲೇ ಹೇಳುತ್ತಾಳೆ.

ಆಗಸ್ಟ್ 23, ಶುಕ್ರವಾರ. ಬೆಳಗ್ಗೆ

ಕಸ ಹಾಕುವ ಜಾಗದಲ್ಲಿ ಸಿಕ್ಕಳು. ತಡೆಯಲಾಗಲಿಲ್ಲ.

“ನಮ್ಮ ವೆರಾಂಡ ನೋಡೋಕೆ ಕತ್ತು ನೋವಾಗಿರ್ಬೇಕಲ್ವಾ ನಿಮ್ಗೆ.”

ಅಜ್ಜಿ ಅರ್ಥವಾಗದವಳಂತೆ ನಿಂತಳು. ಕಚೇರಿಗೆ ಫೋನ್ ಮಾಡಿದ್ದು ಗೊತ್ತು ಎಂದೆ.

“ನಾನಾ? ಫೋನ್ ಮಾಡೋಳಾಗಿದ್ರೆ ಮೊದ್ಲು ನಿನ್ನ ಮನೆಗೆ ಹತ್ತಿ ಬಂದು, ಕೂತ್ಕೊಂಡು, ಬೈದು, ಆಮೇಲೆ ಮಾಡ್ತಿದ್ದೆ ಕಣಮ್ಮ.”

ನಾಟಕ. ಸುಜುವಿನ ಕೈ ಹಿಡಿದು ಹೊರಟೆ. ಸುಜು ಮಾತ್ರ ತಿರುಗಿ ತಿರುಗಿ ಅಜ್ಜಿಗೆ ಕೈ ಬೀಸುತ್ತಿದ್ದಳು.

ಸೆಪ್ಟೆಂಬರ್ 11, ಬುಧವಾರ

ಬರಲಿಲ್ಲ. ಬರುವುದಿಲ್ಲ ಎಂದು ಗೊತ್ತಿದ್ದೂ ಬ್ಯಾಂಕಿಗೆ ಹೋಗಿ ಪಾಸ್‌ಬುಕ್ ಮೂರು ಸಲ ಮಷೀನಿಗೆ ತೂರಿಸಿದೆ. ಹಿಂದೆ ನಿಂತ ಮುದುಕ ಕೆಮ್ಮಿದ.

ಹೊಸಾಕಾ ಅಕ್ಕ ಈ ತಿಂಗಳ ಸಂಬಳ ಮೊದಲೇ ಕೊಟ್ಟರು. ಬಾಡಿಗೆಗೆ ಹೋಯಿತು. ಮೊಳಕೆಕಾಳು, ತೋಫು, ಮೊಟ್ಟೆ. ಮತ್ತೆ ಮೊಳಕೆಕಾಳು. ಅಕ್ಟೋಬರಿಗೆ ದಾರಿ ಕಾಣುವುದಿಲ್ಲ. ಅಮ್ಮ ಫೋನ್ ಮಾಡಿ ಬಂದುಬಿಡು ಎಂದಳು. ಹೋದ ಭಾನುವಾರವೂ ಕುನಿಹಾರು ಬಂದಿದ್ದನಂತೆ, ಪೇರಳೆ ಹಣ್ಣು ತಂದಿದ್ದನಂತೆ.

“ಪಾಪ, ಸಣ್ಣಗಾಗಿದಾನೆ ಕಣೆ. ನಿನ್ನ ಬಗ್ಗೆ ಒಂದು ಮಾತೂ ಕೇಳ್ಲಿಲ್ಲ.”

ಕೇಳಲಿಲ್ಲ ಎನ್ನುವುದೇ ಯಾಕೋ ಹಿಡಿಸಲಿಲ್ಲ. ಮೊದಲೆಲ್ಲ ಕೇಳುತ್ತಿದ್ದ. ಎಲ್ಲಿದ್ದಾಳೆ, ಎಲ್ಲಿದ್ದಾಳೆ ಎಂದೇ.

ಸೆಪ್ಟೆಂಬರ್ 19, ಗುರುವಾರ. ಸಂಜೆ 6:30

ತೊಕುರಾ ಅಜ್ಜಿ ಮೆಟ್ಟಿಲು ಹತ್ತಿ ಬಂದಳು. ದೂರದಿಂದಲೇ ಗೊತ್ತಾಗುತ್ತದೆ. ಒಂದು ಮೆಟ್ಟಿಲು, ನಿಲ್ಲುವುದು, ಉಸಿರು, ಇನ್ನೊಂದು ಮೆಟ್ಟಿಲು. ಕೈಯಲ್ಲಿ ಬೇಯಿಸಿದ ಕುಂಬಳದ ಡಬ್ಬಿ. ತೆಗೆದುಕೊಳ್ಳಲಿಲ್ಲ.

“ಡಬ್ಬಿ ಬೇಡಾದ್ರೆ ಬಿಡು. ಒಂದು ಮಾತು ಕೇಳ್ಬೇಕಿತ್ತು. ನಿಮ್ಮೋರೇನಾದ್ರೂ ಮೇಲೆ ಬರೋಕೆ ಸಂಕೋಚ ಪಡ್ತಾರಾ? ನಾಲ್ಕು ದಿನದಿಂದ ನೋಡ್ತಿದೀನಿ, ಬೀದಿ ಬದಿ ದುಡ್ಡು ಹಾಕೋ ಜ್ಯೂಸ್ ಮಷೀನ್ ಪಕ್ಕದಲ್ಲಿ ನಿಂತು ಈ ಕಡೇನೇ ನೋಡ್ತಿರ್ತಾರೆ. ಏನೂ ಕೊಳ್ಳಲ್ಲ. ನೀಟಾಗಿ ಬಟ್ಟೆ ಹಾಕಿರ್ತಾರೆ.”

ಗಾಳ. ಹೌದು ಎಂದರೆ ಗಂಡಸು ಸಿಕ್ಕ. ಸಂಕೋಚದವರಲ್ಲ ಎಂದರೂ ಗಂಡಸು ಸಿಕ್ಕ. ನಾನು ಅಷ್ಟು ದಡ್ಡಿಯಲ್ಲ.

“ನಮ್ಮೋರು ಹಗ್ಗದ ಮೇಲೆ ಒಣಗ್ತಾ ಇದಾರೆ ಅಜ್ಜಿ. ಬೇರೆ ಯಾರೂ ಇಲ್ಲ ಅಂತ ಬರ್ಕೊಳ್ಳಿ.”

ಬಾಗಿಲು ಹಾಕಿದೆ. ಅಜ್ಜಿ ಇಳಿಯುವುದು ಬಹಳ ಹೊತ್ತು ಕೇಳಿಸಿತು. ಡಬ್ಬಿಯನ್ನು ಬಾಗಿಲ ಹೊರಗೇ ಇಟ್ಟು ಹೋಗಿದ್ದಳು. ಸುಜು ಪೂರ್ತಿ ತಿಂದಳು, ರಸ ನೆಕ್ಕಿದಳು. ನನಗೂ ಒಂದು ಹೋಳು ಉಳಿಸಿದ್ದಳು, ತಿಂದೆ. ಚೆನ್ನಾಗಿತ್ತು ಎನ್ನುವುದಕ್ಕೆ ಇನ್ನೂ ಸಿಟ್ಟು.

ಸೆಪ್ಟೆಂಬರ್ 27, ಶುಕ್ರವಾರ. ಬೆಳಗ್ಗೆ 11:00

ಬಂದು ಹೋದರು. ಉಸುಯಿ, ತೊಕುರಾ ಅಜ್ಜಿ.

ಬೂಟಿನ ಕಪಾಟು ತೆರೆದರು. ಹಲ್ಲುಜ್ಜುವ ಬ್ರಷ್ ಎಣಿಸಿದರು, ದೊಡ್ಡದೊಂದು, ಚಿಕ್ಕದೊಂದು. ರೇಜರ್ ಕಂಡು ಉಸುಯಿ ನಿಂತ. ನನ್ನದು ಎಂದೆ. ಕಿವಿ ಕೆಂಪಾಗಿಸಿಕೊಂಡು ಕ್ಷಮಿಸಿ ಎಂದ. ಹಾಸಿಗೆ ಎಷ್ಟು, ಅನ್ನದ ಬಟ್ಟಲು ಎಷ್ಟು, ಎಲ್ಲ ಬರೆದುಕೊಂಡ. ನಾಚಿಕೆಗಿಂತ ಹೆಚ್ಚಾಗಿ ಸುಸ್ತು.

ಕೊನೆಗೆ ಅಂಗಿ. ತೊಕುರಾ ಅಜ್ಜಿಯೇ ಕೈಗೆತ್ತಿಕೊಂಡು ತಿರುವಿದಳು. ತಳದ ಗುಲಾಬಿ ಚೀಟಿಯನ್ನು ಕನ್ನಡಕ ಏರಿಸಿ ಓದಿದಳು.

“ನೋಡಪ್ಪ. ಇವ್ಳು ಕೆಲ್ಸ ಮಾಡೋ ಅಂಗಡಿ ಚೀಟಿ. ತಾರೀಕು ಹೋದ ವರ್ಷದ ಏಪ್ರಿಲ್. ಆಗ ಇವ್ಳಿಗೆ ಗಂಡ ಇದ್ದ. ಈ ಅಂಗಿ ಒಳಗೆ ಇಬ್ರು ಗಂಡಸ್ರು ಹಿಡೀತಾರೆ. ಯಾರೂ ಒಯ್ಯದೆ ಬಿಟ್ಟ ಅಂಗಿ, ಅಷ್ಟೇ. ಈ ಮನೇಲಿ ಗಂಡಸಿಲ್ಲ. ನಾನು ಮುದ್ರೆ ಒತ್ತುತೀನಿ.”

ಒತ್ತಿದಳು. ಉಸುಯಿ ಮೂರು ಫೋಟೋ ತೆಗೆದ. ಬಾಗಿಲಲ್ಲಿ ಬಗ್ಗಿ ಬೂಟು ಕಟ್ಟಿಕೊಳ್ಳುತ್ತ, “ಕ್ಷಮಿಸಿ, ಒಂದು ಸಲಹೆ. ಅಂಗಿ, ಬೂಟು ತೆಗೆದುಬಿಡಿ. ಇನ್ನೊಂದು ಫೋನ್ ಬಂದ್ರೆ ಮತ್ತೆ ಮೊದಲಿಂದ ಶುರು ಮಾಡ್ಬೇಕಾಗುತ್ತೆ.”

ಅವರು ಹೋದ ಮೇಲೆ ತೆಗೆದೆ. ಬೂಟನ್ನು ಕಸಕ್ಕೆ ಕಟ್ಟಿಟ್ಟೆ. ಅಂಗಿಯನ್ನು ಎಸೆಯಲು ಮನಸ್ಸಾಗಲಿಲ್ಲ, ಕಪಾಟಿನ ತಳಕ್ಕೆ ತುರುಕಿದೆ. ಮಡಿಸದೆ, ಉಂಡೆ ಮಾಡಿ. ಅಂಗಿ ಮಾಮ ಊರಿಗೆ ಹೋದರು ಎಂದು ಸುಜುವಿಗೆ ಹೇಳಿದೆ.

“ಹಾಗಾದ್ರೆ ಮನೆ ಯಾರು ನೋಡ್ಕೊಳ್ತಾರೆ?” ಎಂದಳು.

ಅಕ್ಟೋಬರ್ 21, ಸೋಮವಾರ

ಕಾಗದ ಬಂತು. ಸದರಿ ವಿಳಾಸದಲ್ಲಿ ಗಂಡಸಿನ ವಾಸ ಇಲ್ಲವೆಂದು ಖಚಿತವಾಗಿದೆ. ಭತ್ಯೆ ಮುಂದುವರಿಯುತ್ತದೆ, ಬಾಕಿಯೂ ಸೇರಿ ನವೆಂಬರ್ ಹನ್ನೊಂದಕ್ಕೆ. ನಾಲ್ಕು ಸಲ ಓದಿದೆ. ಅಡುಗೆಮನೆಯ ನೆಲದ ಮೇಲೆ ಕುಳಿತು ಅತ್ತೆ. ಸುಜು ಬಂದು ತನ್ನ ಕರವಸ್ತ್ರ ಕೊಟ್ಟಳು.

ಮನೆ ಉಳಿಯಿತು. ಅಕ್ಟೋಬರ್ ಬಾಡಿಗೆಗೆಂದು ಹೊಸಾಕಾ ಅಕ್ಕ ಕೊಟ್ಟ ಸಾಲ ತೀರಿಸಬಹುದು. ಸುಜುವಿಗೆ ಚಳಿಗಾಲದ ಕೋಟು.

ತೊಕುರಾ ಅಜ್ಜಿಗೆ ಏನಾದರೂ ಒಯ್ದು ಕೊಡಬೇಕು. ದೂರು ಕೊಟ್ಟವಳೇ ಮುದ್ರೆ ಒತ್ತುತ್ತಾಳೆಯೇ? ಅದು ಮಾತ್ರ ಹೊಂದಿಕೆಯಾಗುತ್ತಿಲ್ಲ.

ನವೆಂಬರ್ 11, ಸೋಮವಾರ. ಮಧ್ಯಾಹ್ನ 3:15, ಬಸ್ಸಿನಲ್ಲಿ

ಬಸ್ಸು ಅಲ್ಲಾಡುತ್ತಿದೆ, ಅಕ್ಷರ ಸರಿಯಿಲ್ಲ. ಈಗಲೇ ಬರೆಯದಿದ್ದರೆ ಆಗದು.

ದುಡ್ಡು ಬಂದಿತ್ತು. ಸಹಿ ಹಾಕಲು ಕಚೇರಿಗೆ ಹೋದೆ. ಉಸುಯಿ ನನ್ನನ್ನು ಕಂಡು ಖುಷಿಯಾದ.

“ಇನ್ನೇನೂ ಯೋಚ್ನೆ ಬೇಡ ಮಿನೊವಾ ಅವ್ರೆ. ದೂರು ಕೊಟ್ಟೋರಿಗೂ ಸಮಾಧಾನ ಆಯ್ತು.”

“ಯಾರಿಗೆ?”

“ಹೆಸ್ರು ಹೇಳಿಲ್ಲ. ಆಗಿಂದ ಮೂರು ಸಲ ವಿಚಾರಿಸಿದ್ರು, ಹೋದ ಶುಕ್ರವಾರವೂ. ಬೇರೆ ವಿವರ ನಾವು ಕೊಡಲ್ಲ, ಕೊಡೋ ಹಾಗಿಲ್ಲ. ಹೋಗಿ ನೋಡಿದೀವಿ, ಆ ಮನೇಲಿ ಗಂಡಸು ಯಾರೂ ಇಲ್ಲ ಅಂತ ಮಾತ್ರ ಹೇಳ್ದೆ. ನಿಮ್ಮ ಮೇಲೆ ಅನುಮಾನ ಉಳೀಬಾರ್ದಲ್ಲ.”

“ವಯಸ್ಸಾದ ಹೆಂಗಸಲ್ವಾ?”

“ಅಲ್ಲ, ಗಂಡಸು. ತುಂಬಾ ಮರ್ಯಾದಸ್ಥರು. ಧ್ವನೀನೇ ಏರಿಸಲ್ಲ. ಒಳ್ಳೇದಾಯ್ತು ಅಂದ್ರು. ಸುಜು ಹುಷಾರಾಗಿದಾಳಾ ಅಂತಾನೂ...”

ಪೆನ್ನಿನ ಕ್ಲಿಕ್ ನಿಂತಿತು. ಅವನ ಮುಖದಲ್ಲಿ ರಕ್ತ ಇಳಿಯುವುದನ್ನು ನೋಡಿದೆ. ಮಗುವಿನ ಹೆಸರನ್ನು ನಾನು ಹೇಳಿಲ್ಲ ಎಂದ. ನಾನು ಹೇಳೇ ಇಲ್ಲ ಎಂದ. ಎರಡು ಸಲ ಹೇಳಿದ.

ಅಂಗಿ ನೋಡಿದ್ದು ಕುನಿಹಾರು. ಹೊಸ ಗಂಡಸು ಬಂದಿದ್ದಾನೆಂದುಕೊಂಡು ಹೊರಗೇ ನಿಂತಿದ್ದು ಅವನು. ಇದ್ದಾನೋ ಇಲ್ಲವೋ ತಿಳಿಯಲು ಕಚೇರಿಗೆ ಹೇಳಿದ. ಕಚೇರಿ ಬಂದು, ಬ್ರಷ್ ಎಣಿಸಿ, ಫೋಟೋ ತೆಗೆದು, ಮುದ್ರೆ ಒತ್ತಿಸಿ ಅವನಿಗೆ ಉತ್ತರ ಹೇಳಿತು. ಅಂಗಿ ತೆಗೆದವಳು ನಾನೇ.

ಸಂಜೆ 7:00

ಕಚೇರಿಯಿಂದ ವಿಳಾಸ ಮುಚ್ಚುವ ಅರ್ಜಿ ತಂದೆ, ಈಗ. ಪೊಲೀಸರು ಬುಧವಾರ ಹತ್ತಕ್ಕೆ ಬನ್ನಿ ಎಂದಿದ್ದಾರೆ. ಶಿಶುವಿಹಾರದಲ್ಲಿ ಅವನ ಫೋಟೋ ಕೊಟ್ಟು, ನನ್ನ ಬಿಟ್ಟು ಯಾರ ಕೈಗೂ ಮಗು ಕೊಡಬೇಡಿ ಎಂದೆ.

ಆಮೇಲೆ ತೊಕುರಾ ಅಜ್ಜಿಯ ಬಾಗಿಲು. ಹೊಸ್ತಿಲಲ್ಲೇ ನೆಲಕ್ಕೆ ಹಣೆ ಹಚ್ಚಿದೆ. ಫೋಟೋ ತೋರಿಸಿದೆ.

“ಹೂಂ, ಇವ್ನೇ. ಜ್ಯೂಸ್ ಮಷೀನಿನೋನು. ಏಳಮ್ಮ, ನೆಲ ತಣ್ಣಗಿದೆ. ಅವತ್ತೇ ಬಿಡಿಸಿ ಹೇಳ್ಬೇಕಿತ್ತು ನಾನು. ಡಬ್ಬಿ ಹಿಡ್ಕೊಂಡು ಬಂದೋಳು ಹಾಗೇ ಇಳಿದುಬಿಟ್ಟೆ.”

ಅಂಗಿ ಮಾಮನನ್ನು ಕಪಾಟಿನಿಂದ ತೆಗೆದೆ. ಒಗೆದೆ. ಸುಕ್ಕು ಸುಕ್ಕು. ಹಾಗೇ ತೂಗುಹಾಕಿದೆ. ಕಚೇರಿಯವರು ಏನಾದರೂ ಬರೆದುಕೊಳ್ಳಲಿ.

“ಮಾಮ ಬಂದ್ರಾ!” ಎಂದು ಸುಜು ಕುಣಿದಳು.

ನವೆಂಬರ್ 12, ಮಂಗಳವಾರ. ಸಂಜೆ 4:35

ಬೇಗ ಬಂದೆ. ಸುಜುವನ್ನು ಕರೆತರುವ ಮೊದಲು ಬಟ್ಟೆ ಎತ್ತೋಣ ಎಂದು ವೆರಾಂಡದ ಬಾಗಿಲು ಸರಿಸಿದೆ.

ಅಂಗಿ ಹಗ್ಗದ ಮೇಲಿಲ್ಲ. ನೆಲದ ಮೇಲೆ, ಒರೆಸಿದ ಜಾಗದಲ್ಲಿ, ಚೌಕವಾಗಿ ಮಡಿಸಿಟ್ಟಿದೆ. ಒಂದು ಸುಕ್ಕಿಲ್ಲ. ಒಂದನೆಯ ಗುಂಡಿ ಹಾಕಿದೆ. ಮೂರನೆಯದು. ಐದನೆಯದು. ಅದರ ಮೇಲೆ ಇನ್ನೊಂದು ಚಿಕ್ಕ ಚೌಕ, ನೀಲಿ. ತಿಮಿಂಗಿಲದ ಮುಖ ಸರಿಯಾಗಿ ನಡುವೆ ಬರುವ ಹಾಗೆ ಮಡಿಸಿದ್ದಾನೆ. ಜುಲೈಯಿಂದ ಅವನ ಹತ್ತಿರ ಇತ್ತು.

4:42. ಪೊಲೀಸರಿಗೆ ಫೋನ್ ಮಾಡಿದೆ. ಮನೆ ಬಿಟ್ಟು ಹೊರಗೆ ಬರಬೇಡಿ, ಬಾಗಿಲು ಹಾಕಿಕೊಂಡಿರಿ, ಇಪ್ಪತ್ತು ನಿಮಿಷ ಎಂದರು. ಕೆಳಗೆ ಫೋನ್ ಮಾಡಿದೆ.

“ನೀನು ಬರ್ಬೇಡ,” ಎಂದಳು ಅಜ್ಜಿ. “ಅವ್ನು ಕಾಯ್ತಿರೋದೇ ನಿನ್ನ. ಮುದುಕೀನ ಯಾರು ನೋಡ್ತಾರೆ? ಮಗೂನ ನಾನು ಕರ್ಕೊಂಡು ಬರ್ತೀನಿ. ಶಿಶುವಿಹಾರಕ್ಕೆ ಹೇಳು.”

ಹೇಳಿದೆ. ತೊಕುರಾ ಅಜ್ಜಿ ಬರುತ್ತಾರೆ, ಅವರಿಗೆ ಮಾತ್ರ ಕೊಡಿ ಎಂದೆ. ಐದು ನಿಮಿಷದ ದಾರಿ, ಅಜ್ಜಿಯ ಕಾಲಿಗೆ ಹತ್ತು.

4:58. ಕೈ ಸುಮ್ಮನಿರುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಹೊರಗೆ ಕತ್ತಲು ಇಳಿಯುತ್ತಿದೆ. ಅಂಗಿಯನ್ನು ಮುಟ್ಟಿಲ್ಲ. ಪೊಲೀಸರು ನೋಡಲಿ. ಕಾಗೆಗಳು ಕಂಬಕ್ಕೆ ಬಂದು ಕುಳಿತಿವೆ.

5:04. ಮೆಟ್ಟಿಲಿನ ಸದ್ದು. ದೇವರೇ, ಸುಜು. ಅವಳದೇ, ಒಂದೊಂದು ಮೆಟ್ಟಿಲಿಗೂ ಎರಡು ಸಲ ಕುಣಿಯುತ್ತಾಳೆ. ಬಂದಳು. ಹಿಂದೆ ಇನ್ನೊಂದು ಹೆಜ್ಜೆ, ನಿಧಾನ.

ಅಜ್ಜಿಯಾದರೆ ಮೆಟ್ಟಿಲಿಗೊಮ್ಮೆ ನಿಲ್ಲಬೇಕು.

ಇದು ನಿಲ್ಲುತ್ತಿಲ್ಲ. ಇದು